ಹಳೇ ಚೈನ್‌ಸಾಗೆ ಪಾರ್ಟ್ಸ್ ಸಿಗುತ್ತಾ?

ಮರ ಕೊಯ್ಯುವ ಹಳೇ ಚೈನ್‌ಸಾ ಕೈಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: ಇದಕ್ಕೆ ಪಾರ್ಟ್ಸ್ ಸಿಗುತ್ತಾ? ತಯಾರಿಸಿದ ಕಂಪನಿ ಮುಚ್ಚಿರಬಹುದು, ಇಲ್ಲವೇ ಕೈ ಬದಲಾಗಿರಬಹುದು. ಡೀಲರ್ ಹತ್ತಿರ ಹೋದರೆ ಆ ಮಾದರಿಯ ಹೆಸರನ್ನೇ ಅವರು ಕೇಳಿರುವುದಿಲ್ಲ. ಅಲ್ಲಿಗೆ ಎಷ್ಟೋ ಜನ ಮೆಷಿನ್ನನ್ನು ಗುಜರಿಗೆ ಹಾಕಿಬಿಡುತ್ತಾರೆ. ಆ ಮೆಷಿನ್‌ಗಳಲ್ಲಿ ಬಹಳಷ್ಟು ಬದುಕಿಕೊಳ್ಳಬಹುದಾಗಿತ್ತು ಅನ್ನುವುದೇ ನನ್ನ ಸಂಕಟ.

ಪ್ರಶ್ನೆಯನ್ನು ಇಡೀ ಮೆಷಿನ್ ಬಗ್ಗೆ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಒಂದೊಂದು ಭಾಗದ ಬಗ್ಗೆ ಬೇರೆಬೇರೆಯಾಗಿ ಕೇಳಬೇಕು. ಯಾಕೆಂದರೆ ಯಾವುದೇ ಚೈನ್‌ಸಾದ ಒಳಗೆ ಮೂರು ಬಗೆಯ ಭಾಗಗಳಿರುತ್ತವೆ.

ಮೊದಲನೆಯ ಬಗೆ, ಅಳತೆಗೆ ಸಿಗುವವು. ಬೇರಿಂಗ್, ಆಯಿಲ್ ಸೀಲ್, ಸ್ಕ್ರೂ, ಪೆಟ್ರೋಲ್ ಪೈಪು, ಪಿಸ್ಟನ್ ರಿಂಗು, ಸ್ಪಾರ್ಕ್ ಪ್ಲಗ್ಗು. ಇವುಗಳ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಅಳತೆ ಸರಿಯಾಗಿದ್ದರೆ ಸಾಕು. ಎರಡನೆಯ ಬಗೆ, ಚೈನ್‌ಸಾ ಕಂಪನಿ ಹೊರಗಿನಿಂದ ಕೊಂಡು ಜೋಡಿಸಿದವು. ಕಾರ್ಬ್ಯುರೇಟರ್, ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ), ಚೈನ್, ಬಹಳ ಸಲ ಇಗ್ನಿಷನ್ (ಕಿಡಿ ಹುಟ್ಟಿಸುವ ವ್ಯವಸ್ಥೆ) ಕೂಡ ಈ ಗುಂಪಿಗೆ ಸೇರುತ್ತವೆ. ಒಂದೇ ಕಾರ್ಬ್ಯುರೇಟರ್ ಹತ್ತು ಬ್ರ್ಯಾಂಡಿನ ಮೆಷಿನ್‌ಗಳಲ್ಲಿ ಕೂತಿರುತ್ತದೆ. ಮೂರನೆಯ ಬಗೆ, ಆ ಮೆಷಿನ್‌ಗೆ ಮಾತ್ರ ಮಾಡಿದವು. ಕ್ರ್ಯಾಂಕ್‌ಕೇಸ್, ಸಿಲಿಂಡರ್, ಫ್ಲೈವೀಲ್, ಸ್ಟಾರ್ಟರ್ ಕವರ್, ಹ್ಯಾಂಡಲ್, ಏರ್ ಫಿಲ್ಟರ್ ಮುಚ್ಚಳ. ನಿಜವಾದ ಹುಡುಕಾಟ ಇರುವುದು ಈ ಮೂರನೆಯ ಬಗೆಗೆ ಮಾತ್ರ.

ಸಂತೋಷದ ವಿಷಯ ಏನೆಂದರೆ, ಮೂಲೆಯಲ್ಲಿ ನಿಂತು ಹಾಳಾದ ಮೆಷಿನ್‌ಗಳಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಮೊದಲ ಎರಡು ಬಗೆಯ ಭಾಗಗಳೇ. ರಬ್ಬರ್ ಒಣಗಿರುತ್ತದೆ, ಇಗ್ನಿಷನ್‌ನ ಪಾಯಿಂಟು (ಕಿಡಿಗಾಗಿ ಕರೆಂಟು ಕಡಿಯುವ ಪುಟ್ಟ ಸ್ವಿಚ್ಚು) ಕಿಲುಬು ಹಿಡಿದಿರುತ್ತದೆ, ಸೀಲು ಗಟ್ಟಿಯಾಗಿರುತ್ತದೆ. ಲೋಹದ ಭಾಗಗಳು ಚೆನ್ನಾಗಿಯೇ ಇರುತ್ತವೆ.

ವಯಸ್ಸಿಗಿಂತ ವಂಶ ಮುಖ್ಯ

ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚೈನ್‌ಸಾ ತಂದರು. 1929ರಲ್ಲಿ ಅವರ ಪೆಟ್ರೋಲ್ ಮೆಷಿನ್ ಬಂತು. ಅದಕ್ಕೂ ಮೊದಲೇ, 1927ರಲ್ಲಿ, ಎಮಿಲ್ ಲೆರ್ಪ್ ತಮ್ಮ ಪೆಟ್ರೋಲ್ ಚೈನ್‌ಸಾವನ್ನು ಡೋಲ್ಮಾರ್ ಎಂಬ ಬೆಟ್ಟದ ಮೇಲೆ ಪರೀಕ್ಷೆ ಮಾಡಿದ್ದರು. ಡೋಲ್ಮಾರ್ ಕಂಪನಿಯ ಹೆಸರು ಆ ಬೆಟ್ಟದ್ದೇ. ಆ ಕಾಲದ ಮೆಷಿನ್ ಎತ್ತಲು ಇಬ್ಬರು ಬೇಕಿತ್ತು. ಒಬ್ಬರೇ ಹಿಡಿಯುವ ಪೆಟ್ರೋಲ್ ಚೈನ್‌ಸಾ ಸ್ಟಿಲ್‌ನಿಂದ ಬಂದದ್ದು 1950ರಲ್ಲಿ. ಅದೂ 16 ಕಿಲೋ ತೂಗುತ್ತಿತ್ತು.

ಈ ಬದಲಾವಣೆಯ ಹಿಂದೆ ಒಂದು ಮುಖ್ಯ ಭಾಗದ ಕಥೆ ಇದೆ. ಮೊದಲಿನ ಮೆಷಿನ್‌ಗಳಲ್ಲಿ ಇದ್ದದ್ದು ಮೋಟಾರ್‌ಬೈಕಿನಲ್ಲಿರುವಂಥ ಫ್ಲೋಟ್ ಕಾರ್ಬ್ಯುರೇಟರ್. ಅದರೊಳಗೆ ಪೆಟ್ರೋಲ್ ಒಂದು ಬಟ್ಟಲಲ್ಲಿ ನಿಂತಿರುತ್ತದೆ. ಮೆಷಿನ್ ಓರೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಎಂಜಿನ್ನನ್ನು ನೆಟ್ಟಗೆ ಇಟ್ಟು, ಬಾರ್ ಅನ್ನು ಮಾತ್ರ ತಿರುಗಿಸಿ ಮರ ಕೊಯ್ಯುವ ವ್ಯವಸ್ಥೆ ಮಾಡಿದ್ದರು. ಆಮೇಲೆ ಬಂದ ಡಯಾಫ್ರಮ್ ಕಾರ್ಬ್ಯುರೇಟರ್‌ನಲ್ಲಿ ಬಟ್ಟಲೇ ಇಲ್ಲ. ತೆಳ್ಳನೆಯ ಪೊರೆಯೊಂದು ಪೆಟ್ರೋಲನ್ನು ಅಳೆದು ಬಿಡುತ್ತದೆ. ಮೆಷಿನ್ ಅಡ್ಡ ಹಿಡಿಯಿರಿ, ತಲೆಕೆಳಗಾಗಿ ಹಿಡಿಯಿರಿ, ಓಡುತ್ತದೆ. ನಿಮ್ಮ ಮೆಷಿನ್‌ನಲ್ಲಿ ಡಯಾಫ್ರಮ್ ಇದ್ದರೆ ಅದರ ರಿಪೇರಿ ಕಿಟ್ ಇವತ್ತಿಗೂ ಸಿಗುವ ಸಾಧ್ಯತೆ ಜಾಸ್ತಿ.

ಚೈನಿನ ಕಥೆಯೂ ಇಂಥದ್ದೇ. ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬ ಅಮೆರಿಕನ್, ಮರ ಕೊರೆಯುವ ಹುಳುವಿನ ಮರಿ ಎಡಕ್ಕೂ ಬಲಕ್ಕೂ ತಲೆ ಆಡಿಸುತ್ತಾ ತಿನ್ನುವುದನ್ನು ಗಮನಿಸಿದರು. ಅದನ್ನೇ ಹೋಲುವ ಹಲ್ಲಿನ ಚೈನನ್ನು 1947ರಲ್ಲಿ ಮಾರಾಟಕ್ಕೆ ತಂದರು. ಓರೆಗನ್ ಬ್ರ್ಯಾಂಡ್ ಹುಟ್ಟಿದ್ದು ಅಲ್ಲಿಂದ. ಇವತ್ತಿನ ಚೈನಿನ ಹಲ್ಲು ಕೂಡ ಅದೇ ವಿಚಾರದ ಮೇಲೆ ನಿಂತಿದೆ. ಹಳೇ ಮೆಷಿನ್‌ಗೆ ಹೊಸ ಚೈನು ಹೊಂದುವುದಕ್ಕೆ ಇದೂ ಒಂದು ಕಾರಣ.

1959ರಲ್ಲಿ ಸ್ಟಿಲ್ ಕಂಪನಿಯ ಕಾಂಟ್ರಾ ಬಂತು. ನಡುವೆ ಗೇರ್ ಇಲ್ಲದೆ ಕ್ರ್ಯಾಂಕಿನಿಂದ ನೇರವಾಗಿ ಚೈನ್ ಓಡಿಸುವ ಮೆಷಿನ್ ಅದು. ಅದರ ಮುಂದಿನ ಪೀಳಿಗೆಯವೇ 070 ಮತ್ತು 090. ಈ ವಂಶ ಎಷ್ಟು ಮಾರಾಟವಾಯಿತೆಂದರೆ, ಇವತ್ತಿಗೂ ಬೇರೆಬೇರೆ ಕಾರ್ಖಾನೆಗಳು ಇದರ ಬಿಡಿಭಾಗ ತಯಾರಿಸುತ್ತವೆ. ಅದೇ, ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗಿ ನಿಂತುಹೋದ 1980ರ ದಶಕದ ಮೆಷಿನ್‌ಗೆ ಒಂದು ಸಿಲಿಂಡರ್ ಹುಡುಕುವುದು ಬಲು ಕಷ್ಟ. ಹಾಗಾಗಿ ಪಾರ್ಟ್ಸ್ ಸಿಗುವುದಕ್ಕೂ ಮೆಷಿನ್ ಎಷ್ಟು ಹಳೆಯದು ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಎಷ್ಟು ಮಾರಾಟವಾಯಿತು, ಎಷ್ಟು ವರ್ಷ ಬದಲಾಗದೆ ನಡೆಯಿತು ಅನ್ನುವುದೇ ಲೆಕ್ಕ.

ಕಂಪನಿಗಳ ಒಡೆತನ ಕೂಡ ತಿಳಿದಿರಲಿ. ಹೋಮ್‌ಲೈಟ್ ಒಂದು ಕಾಲಕ್ಕೆ ಟೆಕ್ಸ್ಟ್ರಾನ್ ಕೈಯಲ್ಲಿತ್ತು, ಆಮೇಲೆ ಜಾನ್ ಡೀರ್ ಕೈಗೆ ಹೋಯಿತು, ಆಮೇಲೆ ಇನ್ನೊಬ್ಬರಿಗೆ. ಡೋಲ್ಮಾರ್ ಕಂಪನಿಯನ್ನು 1991ರಲ್ಲಿ ಮಕಿಟಾ ಕೊಂಡಿತು. ಜಾನ್ಸರೆಡ್, ಪಾರ್ಟ್ನರ್, ಪೌಲನ್ ಎಲ್ಲವೂ ಹಸ್ಕ್‌ವರ್ನಾ ಇದ್ದ ಗುಂಪಿಗೇ ಬಂದು ಸೇರಿದವು. ಮೆಕ್ಕಲಕ್ 1999ರಲ್ಲಿ ದಿವಾಳಿಯಾಯಿತು. ಅದರ ಸ್ಥಾಪಕ ರಾಬರ್ಟ್ ಮೆಕ್ಕಲಕ್ ಅವರೇ ಹಳೇ ಲಂಡನ್ ಬ್ರಿಜ್ ಕೊಂಡು, ಕಲ್ಲುಗಳನ್ನು ಅರಿಜೋನಾಕ್ಕೆ ಸಾಗಿಸಿ ಮತ್ತೆ ಕಟ್ಟಿಸಿದವರು. ಈ ಒಡೆತನದ ಗೋಜಲು ನಮಗೆ ಯಾಕೆ ಬೇಕು? ಒಂದೇ ಮನೆಯೊಳಗೆ ಬಂದ ಬ್ರ್ಯಾಂಡುಗಳು ಭಾಗಗಳನ್ನು ಹಂಚಿಕೊಳ್ಳುತ್ತವೆ. ಜಾನ್ಸರೆಡ್‌ಗೆ ಬೇಕಾದ ಭಾಗ ಹಸ್ಕ್‌ವರ್ನಾ ಪೆಟ್ಟಿಗೆಯಲ್ಲಿ ಸಿಗುವುದು ಹೀಗೆ.

ಗುರುತು ಹಿಡಿಯುವುದು

ಸ್ಪ್ಯಾನರ್ ಹಿಡಿಯುವ ಮೊದಲು ಮೆಷಿನ್ ಯಾವುದೆಂದು ಖಚಿತ ಮಾಡಿಕೊಳ್ಳಿ. ಸ್ಟಾರ್ಟರ್ ಕವರಿನ ಮೇಲಿರುವ ಹೆಸರನ್ನು ನಂಬಬೇಡಿ. ಯಾರೋ ಯಾವತ್ತೋ ಬೇರೆ ಮಾದರಿಯ ಕವರ್ ಹಾಕಿರಬಹುದು. ಕ್ರ್ಯಾಂಕ್‌ಕೇಸ್‌ನ ಮೇಲಿರುವ ತಗಡಿನ ಪಟ್ಟಿ ಅಥವಾ ಕೊರೆದ ಸೀರಿಯಲ್ ನಂಬರೇ ಮೆಷಿನ್‌ನ ನಿಜವಾದ ಗುರುತು.

ಮುಂದಿನ ಕೆಲಸ, ಆ ಮಾದರಿಯ ಪಾರ್ಟ್ಸ್ ಲಿಸ್ಟ್ ಹುಡುಕುವುದು. ಎಲ್ಲಾ ಭಾಗಗಳನ್ನೂ ಬಿಡಿಬಿಡಿಯಾಗಿ ಚಿತ್ರಿಸಿ, ಪಕ್ಕದಲ್ಲಿ ನಂಬರ್ ಕೊಟ್ಟಿರುವ ಕೈಪಿಡಿ ಇದು. ಜನಪ್ರಿಯ ಮಾದರಿಗಳದ್ದು ಸ್ಕ್ಯಾನ್ ಆಗಿ ಓಡಾಡುತ್ತಿರುತ್ತದೆ. ಸರ್ವೀಸ್ ಮ್ಯಾನ್ಯುಯಲ್ ಬೇರೆ, ಪಾರ್ಟ್ಸ್ ಲಿಸ್ಟ್ ಬೇರೆ. ಒಂದನ್ನೇ ಆರಿಸಬೇಕಾದರೆ ನಾನು ಪಾರ್ಟ್ಸ್ ಲಿಸ್ಟನ್ನೇ ಆರಿಸುತ್ತೇನೆ. ಬಿಚ್ಚುವಾಗ ವಾಷರ್ ಯಾವ ಕಡೆ ಇತ್ತು ಅನ್ನುವುದಕ್ಕೂ ಅದೇ ಸಾಕ್ಷಿ.

ನಂಬರಿನಲ್ಲೇ ಬಹಳ ಮಾಹಿತಿ ಅಡಗಿರುತ್ತದೆ. ಸ್ಟಿಲ್ ಕಂಪನಿಯ ನಂಬರ್ ನಾಲ್ಕು, ಮೂರು, ನಾಲ್ಕು ಅಂಕಿಗಳಾಗಿ ಒಡೆದಿರುತ್ತದೆ. ಮೊದಲ ನಾಲ್ಕು ಅಂಕಿ ಮೆಷಿನ್‌ನ ಸರಣಿ. 1106 ಅಂದರೆ 070 ಮತ್ತು 090. 1125 ಅಂದರೆ 034 ಮತ್ತು 036. ನಡುವಿನ ಮೂರು ಅಂಕಿ ಯಾವ ಗುಂಪಿನ ಭಾಗ ಎಂದು ಹೇಳುತ್ತದೆ. 020 ಸಿಲಿಂಡರ್ ಕಡೆಯದು, 030 ಪಿಸ್ಟನ್ ಮತ್ತು ಕ್ರ್ಯಾಂಕ್ ಕಡೆಯದು, 120 ಕಾರ್ಬ್ಯುರೇಟರ್, 400 ಇಗ್ನಿಷನ್. ನಂಬರ್ 9ರಿಂದ ಶುರುವಾದರೆ ಖುಷಿಪಡಿ. ಅದು ಸ್ಕ್ರೂ, ಬೇರಿಂಗ್, ಸೀಲ್ ಥರದ ಸಾಮಾನ್ಯ ಭಾಗ. ಬೇರೆ ಎಷ್ಟೋ ಮಾದರಿಗಳಲ್ಲೂ ಅದೇ ಇರುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ಎರಕದ ಭಾಗದ ಒಳಗೆ ಉಬ್ಬಿರುವ ನಂಬರ್ ಬಹಳ ಸಲ ಎರಕದ್ದು, ಬಿಡಿಭಾಗದ್ದಲ್ಲ. ಅದನ್ನು ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಇನ್ನೊಂದು, ಕಂಪನಿ ಹಳೇ ನಂಬರನ್ನು ರದ್ದು ಮಾಡಿ ಅದೇ ಭಾಗಕ್ಕೆ ಹೊಸ ನಂಬರ್ ಕೊಟ್ಟಿರುತ್ತದೆ. ಹಳೇ ನಂಬರಿಗೆ 'ಇಲ್ಲ' ಎಂಬ ಉತ್ತರ ಬಂದರೆ, ಇದರ ಬದಲಿಗೆ ಯಾವ ನಂಬರ್ ಬಂದಿದೆ ಎಂದು ಕೇಳಲೇಬೇಕು.

ಸರಣಿ ಒಂದೇ ಅಂದಮಾತ್ರಕ್ಕೆ ಎಲ್ಲವೂ ಹೊಂದುವುದಿಲ್ಲ. 070ರ ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 58 ಮಿಲಿಮೀಟರ್, 090ರದ್ದು 66. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಮಾತ್ರ ಎರಡರಲ್ಲೂ 40. ಅದಕ್ಕೇ ಒಂದು 106 ಸಿಸಿ, ಇನ್ನೊಂದು 137 ಸಿಸಿ. ಸರಣಿಯ ನಂಬರ್ ನೋಡಿ ಪಿಸ್ಟನ್ ತರಿಸಿದರೆ ಕೈಯಲ್ಲಿ ಹಿಡಿದು ನೋಡುವುದಷ್ಟೇ ಗತಿ. ದುಡ್ಡು ಕೊಡುವ ಮೊದಲು ಬೋರ್ ಅಳತೆ ಕೇಳಿ.

ಖರ್ಚಿಗೆ ಮೊದಲು ಎಕ್ಸಾಸ್ಟ್ ಒಳಗೆ ನೋಡಿ

ಹಳೇ ಮೆಷಿನ್ ಸಿಕ್ಕ ಕೂಡಲೇ ಪೆಟ್ರೋಲ್ ಹಾಕಿ ಹಗ್ಗ ಎಳೆಯುವ ಆಸೆಯನ್ನು ತಡೆದುಕೊಳ್ಳಿ. ಮೊದಲು ಮಫ್ಲರ್ ಬಿಚ್ಚಿ. ಹಗ್ಗವನ್ನು ನಿಧಾನಕ್ಕೆ ಎಳೆಯುತ್ತಾ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಪಿಸ್ಟನ್ ಮೈ ನುಣುಪಾಗಿದ್ದು, ತಯಾರಿಸುವಾಗ ಬಂದ ಅಡ್ಡ ಗೆರೆಗಳು ಕಾಣುತ್ತಿದ್ದರೆ ಮೆಷಿನ್‌ನ ಜೀವ ಗಟ್ಟಿ. ಮೇಲಿಂದ ಕೆಳಕ್ಕೆ ಗೀರುಗಳಿದ್ದರೆ ಅದು ಒಮ್ಮೆ ಸೀಜ್ ಆಗಿದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ. ಆಗ ಪಿಸ್ಟನ್ ಮತ್ತು ಸಿಲಿಂಡರ್ ಸಿಗುತ್ತವೆಯೇ ಎಂದು ಮೊದಲು ತಿಳಿದುಕೊಂಡು, ಆಮೇಲೆ ಉಳಿದದ್ದಕ್ಕೆ ದುಡ್ಡು ಹಾಕಿ.

ಹಗ್ಗ ಜಗ್ಗದೇ ಇದ್ದರೆ ಬಲವಂತ ಮಾಡಬೇಡಿ. ಪ್ಲಗ್ ತೆಗೆದು ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ನಾಲ್ಕಾರು ದಿನ ಹಾಗೇ ಬಿಡಿ. ಎಷ್ಟೋ ಸಲ ಕಚ್ಚಿಕೊಂಡಿರುವುದು ಪಿಸ್ಟನ್ ಆಗಿರುವುದೇ ಇಲ್ಲ. ಸ್ಟಾರ್ಟರ್ ಅಥವಾ ತುಕ್ಕು ಹಿಡಿದ ಕ್ಲಚ್ ಡ್ರಮ್ ಆಗಿರುತ್ತದೆ.

ಕಂಪ್ರೆಶನ್ ಗೇಜ್ ಇದ್ದರೆ ಅಳೆಯಿರಿ. 120ರಿಂದ 150 ಪಿಎಸ್‌ಐ ಬಂದರೆ ಒಳ್ಳೆಯದು. 90ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆದರೆ ಒಣಗಿ ನಿಂತ ಎಂಜಿನ್ ಮೊದಲ ಅಳತೆಯಲ್ಲಿ ಕಡಿಮೆ ತೋರಿಸುವುದು ಸಹಜ. ಒಂದೆರಡು ಹನಿ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗು ಸವೆದಿರಬಹುದು, ಇಲ್ಲವೇ ಜಾಡಿನಲ್ಲಿ ಅಂಟಿಕೊಂಡಿರಬಹುದು.

ಪೆಟ್ರೋಲ್ ಹರಿಯುವ ದಾರಿ

ಟ್ಯಾಂಕಿನೊಳಗಿನ ಪೈಪು, ಫಿಲ್ಟರ್, ಕಾರ್ಬ್ಯುರೇಟರ್ ಡಯಾಫ್ರಮ್, ಗಾಳಿ ಬಿಡುವ ಪುಟ್ಟ ವಾಲ್ವ್. ಇವೆಲ್ಲ ರಬ್ಬರ್ ಅಥವಾ ರಬ್ಬರ್ ಬಟ್ಟೆ. ಹಳೇ ಮೆಷಿನ್‌ನಲ್ಲಿ ಇವನ್ನು ಪರೀಕ್ಷೆ ಮಾಡುತ್ತಾ ಕೂರುವುದು ವ್ಯರ್ಥ. ಎಲ್ಲವನ್ನೂ ಬದಲಾಯಿಸಿ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಜೊತೆಗೆ ತೇವ ಎಳೆದುಕೊಳ್ಳುತ್ತದೆ. ಪೈಪನ್ನು ಒಳ ಅಳತೆ, ಹೊರ ಅಳತೆ ನೋಡಿ ಮೀಟರ್ ಲೆಕ್ಕದಲ್ಲಿ ಕೊಳ್ಳಬಹುದು. ಅಚ್ಚಿನಲ್ಲಿ ಬಾಗಿಸಿ ಮಾಡಿದ ಪೈಪಿದ್ದರೆ ಮಾತ್ರ ತೊಂದರೆ. ಅದಕ್ಕೂ ನೇರ ಪೈಪನ್ನು ಜಾಗಕ್ಕೆ ಹೊಂದಿಸಿ ಹಾಕುವವರಿದ್ದಾರೆ.

ಕಾರ್ಬ್ಯುರೇಟರ್ ವಿಷಯಕ್ಕೆ ಬಂದರೆ ಚೈನ್‌ಸಾ ಬ್ರ್ಯಾಂಡನ್ನು ಮರೆತುಬಿಡಿ. ಕಾರ್ಬ್ಯುರೇಟರ್ ಮೈಮೇಲೆ ಟಿಲಟ್ಸನ್, ವಾಲ್ಬ್ರೋ ಅಥವಾ ಜಾಮಾ ಎಂಬ ಹೆಸರು ಇರುತ್ತದೆ. ಪಕ್ಕದಲ್ಲಿ ಎಚ್‌ಎಲ್, ಎಚ್‌ಎಸ್, ಎಸ್‌ಡಿಸಿ, ಡಬ್ಲ್ಯುಟಿ ಥರದ ಅಕ್ಷರ ಮತ್ತು ನಂಬರ್ ಇರುತ್ತದೆ. ಕಿಟ್ ಕೊಳ್ಳಬೇಕಾದದ್ದು ಆ ನಂಬರಿಗೆ. ಟಿಲಟ್ಸನ್ ಎಚ್‌ಎಲ್ ಹಳೇ ದೊಡ್ಡ ಮೆಷಿನ್‌ಗಳಲ್ಲಿ ಎಲ್ಲೆಲ್ಲೂ ಕಾಣುವ ಕಾರ್ಬ್ಯುರೇಟರ್, ಅದರ ಕಿಟ್ ಇಂದಿಗೂ ಸಿಗುತ್ತದೆ. ಮೆಕ್ಕಲಕ್ ಕೆಲವು ಮಾದರಿಗಳಿಗೆ ತಾನೇ ಕಾರ್ಬ್ಯುರೇಟರ್ ಮಾಡಿಕೊಂಡಿತ್ತು. ಅಂಥವುಗಳಿಗೆ ಸ್ವಲ್ಪ ಹೆಚ್ಚು ಅಲೆದಾಟ ಇರುತ್ತದೆ.

ಕಾರ್ಬ್ಯುರೇಟರ್ ಬಿಚ್ಚುವಾಗ ಪ್ರತಿ ಪದರದ ಫೋಟೋ ತೆಗೆಯಿರಿ. ಮೀಟರಿಂಗ್ ಕಡೆ (ಪೆಟ್ರೋಲ್ ಅಳೆದು ಬಿಡುವ ಕಡೆ) ಗ್ಯಾಸ್ಕೆಟ್ ಮೊದಲು, ಡಯಾಫ್ರಮ್ ಆಮೇಲೆ. ಪಂಪ್ ಕಡೆ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕಡೆ) ಸಾಮಾನ್ಯವಾಗಿ ಇದು ತಿರುಗುಮುರುಗು. ಅದಲುಬದಲು ಹಾಕಿದರೆ ಮೆಷಿನ್ ಸ್ಟಾರ್ಟ್ ಆಗುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ಒಳಗಿನ ಸಣ್ಣ ಲಿವರ್‌ನ ಎತ್ತರವೂ ಮುಖ್ಯ. ಜಾಸ್ತಿ ಎತ್ತರವಿದ್ದರೆ ಪೆಟ್ರೋಲ್ ತುಂಬಿ ಹರಿಯುತ್ತದೆ, ಕಡಿಮೆಯಾದರೆ ಎಂಜಿನ್ ಹಸಿದು ಸಾಯುತ್ತದೆ. ಸಣ್ಣ ತೂತುಗಳಿಗೆ ತಂತಿ ಚುಚ್ಚಬೇಡಿ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಕಿಡಿ

1970ರ ದಶಕದ ತನಕದ ಬಹುಪಾಲು ಮೆಷಿನ್‌ಗಳಲ್ಲಿ ಫ್ಲೈವೀಲ್ ಕೆಳಗೆ ಪಾಯಿಂಟ್ ಮತ್ತು ಕಂಡೆನ್ಸರ್ ಅಡಗಿರುತ್ತವೆ. ಕಿಡಿ ಬರದಿದ್ದರೆ ಪಾಯಿಂಟಿನ ಮುಖವನ್ನು ನುಣುಪು ಕಾಗದದಿಂದ ಉಜ್ಜಿ ಎಣ್ಣೆ ಒರೆಸಿದರೆ ಬಹಳ ಸಲ ಅಷ್ಟಕ್ಕೇ ಬಂದುಬಿಡುತ್ತದೆ. ಪಾಯಿಂಟಿನ ಅಂತರ ಸಾಮಾನ್ಯವಾಗಿ 0.35ರಿಂದ 0.45 ಮಿಲಿಮೀಟರ್. ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಸಂದು 0.2ರಿಂದ 0.3 ಮಿಲಿಮೀಟರ್. ಫೀಲರ್ ಗೇಜ್ ಇದ್ದರೆ ಸಾಕು.

ಫ್ಲೈವೀಲ್ ತೆಗೆದಾಗ ಕ್ರ್ಯಾಂಕ್ ಮೇಲಿರುವ ಸಣ್ಣ ಕೀಯನ್ನು ನೋಡಿ. ಅದು ಸ್ವಲ್ಪ ಕತ್ತರಿಸಿಹೋಗಿದ್ದರೂ ಟೈಮಿಂಗ್ ತಪ್ಪಿರುತ್ತದೆ. ಕಿಡಿ ಚೆನ್ನಾಗಿದೆ, ಪೆಟ್ರೋಲ್ ಇದೆ, ಆದರೂ ಹಗ್ಗ ವಾಪಸ್ ಎಳೆಯುತ್ತದೆ ಅನ್ನುವ ಮೆಷಿನ್‌ಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ಕೀಯನ್ನು.

ಪಾಯಿಂಟ್ ಸವೆದು ಹೊಸದು ಸಿಗದಿದ್ದರೆ ಅದರ ಜಾಗಕ್ಕೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಬಹುದು. ಪಾಯಿಂಟ್ ಮತ್ತು ಕಂಡೆನ್ಸರ್ ಎರಡೂ ಬೇಕಾಗುವುದಿಲ್ಲ. ಕಾಯಿಲ್ ಮಾತ್ರ ಗಟ್ಟಿಯಾಗಿರಬೇಕು. ಮೂಲ ರೂಪ ಉಳಿಸಬೇಕೆಂಬ ಹಟ ಇರುವವರಿಗೆ ಇದು ಹಿಡಿಸುವುದಿಲ್ಲ. ಓಡುವ ಮೆಷಿನ್ ಬೇಕು ಅನ್ನುವವರಿಗೆ ಇದು ವರ. ಹೊರಗೆ ಏನೂ ಕಾಣುವುದಿಲ್ಲ, ಬೇಕೆಂದಾಗ ಹಳೆಯದಕ್ಕೆ ಮರಳಬಹುದು. ನಾನಂತೂ ಇದರ ಪರ.

ಪ್ಲಗ್ ಆರಿಸುವಾಗ ಥ್ರೆಡ್ ಉದ್ದ ಹಳೆಯದರಷ್ಟೇ ಇರಲಿ. ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೆ ಬಡಿಯುತ್ತದೆ.

ಗಾಳಿ ಸೋರಿಕೆ ಎಂಬ ಕಳ್ಳ

ಓಡತೊಡಗಿದ ಹಳೇ ಮೆಷಿನ್‌ಗಳನ್ನು ಕೊಲ್ಲುವುದು ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಜಾಗ, ಅಂದರೆ ಕ್ರ್ಯಾಂಕ್‌ಕೇಸ್, ಸೈಕಲ್ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರುವಾಗ ಪೆಟ್ರೋಲ್, ಆಯಿಲ್, ಗಾಳಿಯ ಮಿಶ್ರಣವನ್ನು ಒಳಗೆ ಎಳೆಯುತ್ತದೆ. ಇಳಿಯುವಾಗ ಅದನ್ನು ಒತ್ತಿ ಮೇಲಿನ ಕೋಣೆಗೆ ದೂಡುತ್ತದೆ. ಬೇರಿಂಗಿಗೆ, ಪಿಸ್ಟನ್‌ಗೆ ಎಣ್ಣೆ ಸಿಗುವುದು ಆ ಮಿಶ್ರಣದಿಂದಲೇ. ಕ್ರ್ಯಾಂಕಿನ ಎರಡೂ ತುದಿಯಲ್ಲಿ ಇರುವ ಆಯಿಲ್ ಸೀಲ್ ಗಟ್ಟಿಯಾಗಿ ಬಿರಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿಯಾದಷ್ಟೂ ಪೆಟ್ರೋಲ್ ಮತ್ತು ಆಯಿಲ್ ಪಾಲು ಕಡಿಮೆ. ಎಂಜಿನ್ ವಿಪರೀತ ಬಿಸಿಯಾಗಿ, ಎಣ್ಣೆಯಿಲ್ಲದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕೆಡುವ ಮುನ್ನ ಮೆಷಿನ್ ತುಂಬಾ ಚುರುಕಾಗಿ ಓಡುತ್ತದೆ. ಅದೇ ಮೋಸ.

ಲಕ್ಷಣಗಳು ಹೀಗಿರುತ್ತವೆ: ಐಡ್ಲಿಂಗ್ ಒಂದು ಹದಕ್ಕೆ ನಿಲ್ಲುವುದಿಲ್ಲ. ಮೆಷಿನ್ ಓರೆ ಮಾಡಿದಾಗ ವೇಗ ಬದಲಾಗುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ವೇಗ ಇಳಿಯಲು ತಡಮಾಡುತ್ತದೆ. ಇದನ್ನು ಕಾರ್ಬ್ಯುರೇಟರ್ ತಿರುಪು ತಿರುಗಿಸಿ ಮುಚ್ಚಿಹಾಕುವವರು ಬಹಳ. ಅದು ಸರಿಯಾದ ದಾರಿಯಲ್ಲ.

ಸರಿಯಾದ ಪರೀಕ್ಷೆ ಎಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡನ್ನೂ ರಬ್ಬರ್ ತುಂಡಿನಿಂದ ಮುಚ್ಚಿ, ಕೈ ಪಂಪಿನಿಂದ ಸುಮಾರು 0.5 ಬಾರ್, ಅಂದರೆ 7 ಪಿಎಸ್‌ಐ ಒತ್ತಡ ಕೊಡುವುದು. ಮುಳ್ಳು ಇಳಿದರೆ ಸೋಪಿನ ನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಆಮೇಲೆ ಅಷ್ಟೇ ಪ್ರಮಾಣದ ನಿರ್ವಾತ ಕೊಟ್ಟೂ ನೋಡಬೇಕು. ಸೀಲಿನ ತುಟಿ ಒತ್ತಡ ಬಂದಾಗ ಮುಚ್ಚಿಕೊಂಡು, ನಿರ್ವಾತದಲ್ಲಿ ಮಾತ್ರ ಸೋರುವುದುಂಟು.

ಸೀಲ್ ಹುಡುಕುವುದು ಸುಲಭ. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಮೂರು ಅಳತೆ ಗೊತ್ತಿದ್ದರೆ ಸಾಕು. ವರ್ನಿಯರ್ ಕ್ಯಾಲಿಪರ್ ಹಿಡಿದು ಶಾಫ್ಟ್ ಮತ್ತು ಸೀಲ್ ಕೂರುವ ಗುಳಿ ಅಳೆಯಿರಿ. ಹಳೇ ಸೀಲಿನ ತುಟಿ ಹಿಗ್ಗಿರುವುದರಿಂದ ಅದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಬೇರಿಂಗ್ ಇನ್ನೂ ಸುಲಭ. ಅಂಚಿನಲ್ಲೇ 6201, 6202, 6203 ಎಂದು ಕೊರೆದಿರುತ್ತದೆ. ಕೊನೆಯ ಎರಡು ಅಂಕಿ ಒಳ ವ್ಯಾಸದ ಗುರುತು: 01 ಅಂದರೆ 12 ಮಿಲಿಮೀಟರ್, 02 ಅಂದರೆ 15, 03 ಅಂದರೆ 17. ಸಿ3 ಎಂಬ ಗುರುತಿದ್ದರೆ ಹೊಸದರಲ್ಲೂ ಅದು ಇರಲೇಬೇಕು. ಬಿಸಿಗೆ ಹಿಗ್ಗಲು ಒಳಗೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರುವ ಬೇರಿಂಗ್ ಅದು. ರಬ್ಬರ್ ಮುಚ್ಚಳ ಇರುವ ಬೇರಿಂಗ್ ತರಬೇಡಿ. ಮಿಶ್ರಣದ ಎಣ್ಣೆ ಒಳಗೆ ಹೋಗಬೇಕಲ್ವಾ?

ಗ್ಯಾಸ್ಕೆಟ್ ಹಾಳೆ ತಂದು ನಾವೇ ಕತ್ತರಿಸಿಕೊಳ್ಳಬಹುದು. ಸಿಲಿಂಡರ್ ಬುಡದ ಗ್ಯಾಸ್ಕೆಟ್ ಮಾತ್ರ ಹಳೆಯದರಷ್ಟೇ ದಪ್ಪ ಇರಬೇಕು. ತೆಳುವಾದರೆ ಪಿಸ್ಟನ್ ಹೋಗಿ ಸಿಲಿಂಡರಿನ ತಲೆಗೆ ತಾಗಬಹುದು, ದಪ್ಪವಾದರೆ ಕಂಪ್ರೆಶನ್ ಬೀಳುತ್ತದೆ. ಇನ್ನೊಂದು ಎಚ್ಚರಿಕೆ: ತುಂಬಾ ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಕೆರೆಯಬೇಡಿ, ಒದ್ದೆ ಮಾಡಿ ತೆಗೆಯಿರಿ.

ಪಿಸ್ಟನ್, ಸಿಲಿಂಡರ್

ಸೀಜ್ ಆದ ಮೆಷಿನ್‌ನಲ್ಲಿ ಪಿಸ್ಟನ್ ಹೋಗಿದ್ದರೂ ಸಿಲಿಂಡರ್ ಉಳಿದಿರಬಹುದು. ಸಿಲಿಂಡರ್ ಒಳಮೈಗೆ ಗಟ್ಟಿಯಾದ ಕ್ರೋಮ್ ಅಥವಾ ನಿಕಾಸಿಲ್ (ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್) ಲೇಪನ ಇರುತ್ತದೆ. ಗೀರಿನಂತೆ ಕಾಣುವುದು ಎಷ್ಟೋ ಸಲ ಪಿಸ್ಟನ್‌ನಿಂದ ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ. ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹತ್ತಿಯ ಕಡ್ಡಿಯಲ್ಲಿ ಒಂದಿಷ್ಟೇ ಮುಟ್ಟಿಸಿ, ನೊರೆ ನಿಂತ ಮೇಲೆ ತೊಳೆದು, ನುಣುಪು ಕಾಗದದಿಂದ ಉಜ್ಜಿದರೆ ಕೆಳಗಿನ ನಿಕಾಸಿಲ್ ಲೇಪನ ಹಾಗೇ ಇರುತ್ತದೆ. ಕ್ರೋಮ್ ಲೇಪನವನ್ನು ಈ ಆಸಿಡ್ ತಿನ್ನುತ್ತದೆ, ಅದಕ್ಕೆ ಹಾಕಬೇಡಿ. ಲೇಪನವೇ ಕಿತ್ತುಹೋಗಿದ್ದರೆ ಆಸಿಡ್ ಸಿಲಿಂಡರನ್ನೇ ತಿನ್ನತೊಡಗುತ್ತದೆ. ಹಾಗಾಗಿ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿ) ಅಂಚಿಗೆ ತಾಗಿಸಬೇಡಿ. ಗಾಳಿಯಾಡುವ ಕಡೆ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಲೇಪನ ಇರುವ ಸಿಲಿಂಡರನ್ನು ಮೋಟಾರ್‌ಬೈಕ್ ಸಿಲಿಂಡರ್ ಥರ ಬೋರ್ ಮಾಡಿಸಲು ಆಗುವುದಿಲ್ಲ. ಕೆಲವು ಹಳೇ ಮೆಷಿನ್‌ಗಳಲ್ಲಿ ಎರಕದ ಕಬ್ಬಿಣದ ಸ್ಲೀವ್ ಇರುತ್ತದೆ, ಅದನ್ನು ಮಾಡಿಸಬಹುದು. ಅಯಸ್ಕಾಂತ ಒಳಗೆ ಗಟ್ಟಿಯಾಗಿ ಅಂಟಿದರೆ ಕಬ್ಬಿಣ.

ರಿಂಗುಗಳನ್ನು ವ್ಯಾಸ ಮತ್ತು ದಪ್ಪ ನೋಡಿ ಕೊಳ್ಳಬಹುದು. ಉದಾಹರಣೆಗೆ 52 ಗುಣಿಸು 1.5 ಮಿಲಿಮೀಟರ್. ರಿಂಗನ್ನು ಬೋರಿನೊಳಗೆ ಇಟ್ಟು ತುದಿಗಳ ನಡುವಿನ ಸಂದು ಅಳೆಯಿರಿ. ಬೋರಿನ ಪ್ರತಿ 25 ಮಿಲಿಮೀಟರಿಗೆ 0.1 ಮಿಲಿಮೀಟರ್ ಎಂಬುದು ಒರಟು ಲೆಕ್ಕ. ರಿಂಗಿನ ತುದಿ ಪಿಸ್ಟನ್ ಜಾಡಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಅದು ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ರಿಂಗಿನಲ್ಲಿ ಕೇಬರ್, ಪಿಸ್ಟನ್‌ನಲ್ಲಿ ಮೀಟಿಯರ್, ಈ ಎರಡು ಇಟಲಿ ಹೆಸರುಗಳ ಮೇಲೆ ಹಳೇ ಮೆಷಿನ್ ಕಟ್ಟುವವರಿಗೆ ಭರವಸೆ ಇದೆ. ಅಗ್ಗದ ಕಾಪಿ ಸಿಲಿಂಡರ್ ಕಿಟ್ ಹಾಕಲೇಬೇಕಾದರೆ ಪೋರ್ಟಿನ ಚೂಪು ಅಂಚುಗಳನ್ನು ನಯ ಮಾಡಿ, ಕಿಟ್ ಜೊತೆ ಬರುವ ಸರ್‌ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿಯ ಬಳೆ) ಬಿಟ್ಟು ಒಳ್ಳೆಯ ಸರ್‌ಕ್ಲಿಪ್ ಹಾಕಿ. ಮೂಲ ಸಿಲಿಂಡರ್ ಉಳಿಯುವ ಹಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಮೂಲ ಸಿಲಿಂಡರ್‌ಗೆ ಹೊಸ ಪಿಸ್ಟನ್ ಹಾಕಿದ ಮೆಷಿನ್, ಪೂರ್ತಿ ಕಾಪಿ ಕಿಟ್ ಹಾಕಿದ್ದಕ್ಕಿಂತ ಚೆನ್ನಾಗಿ ಓಡುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿಚ್ಚುವಾಗ ಒಂದು ವಿಷಯ ನೆನಪಿರಲಿ. ಬಹುತೇಕ ಮೆಷಿನ್‌ಗಳಲ್ಲಿ ಕ್ಲಚ್‌ಗೆ ಎಡ ಥ್ರೆಡ್. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ಹಗ್ಗ ತುರುಕಿ. ಪಿಸ್ಟನ್ ಪೋರ್ಟುಗಳನ್ನು ಮುಚ್ಚಿದ ಮೇಲೆಯೇ ಹಗ್ಗ ಹಾಕಬೇಕು, ಇಲ್ಲದಿದ್ದರೆ ಹಗ್ಗ ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆ.

ಎರಕದ ಭಾಗ ಒಡೆದಿದ್ದರೆ

ಇದೇ ಮೂರನೆಯ ಬಗೆ. ಬಹುಪಾಲು ಹಳೇ ಚೈನ್‌ಸಾಗಳ ಮೈ ಮೆಗ್ನೀಸಿಯಂ. ಹಗುರ, ಆದರೆ ತೇವಕ್ಕೆ ಬಿಳಿ ಪುಡಿಯಾಗಿ ಕರಗುತ್ತದೆ. ಅದರ ಪುಡಿ ಬೆಂಕಿ ಹತ್ತಿಕೊಂಡರೆ ನೀರು ಸುರಿಯಲೇಬಾರದು, ಬೆಂಕಿ ಇನ್ನೂ ಭುಗಿಲೇಳುತ್ತದೆ. ಒಣ ಮರಳು ಹತ್ತಿರ ಇರಲಿ. ಗ್ರೈಂಡರ್ ಹಿಡಿಯಬೇಡಿ. ಥ್ರೆಡ್ ಕಿತ್ತುಹೋದರೆ ಹೆಲಿಕಾಯಿಲ್ ಎಂಬ ಸುರುಳಿ ಒಳಸೇರಿಸಿದರೆ ಮೂಲಕ್ಕಿಂತ ಗಟ್ಟಿ.

ಕೇಸ್ ಒಡೆದಿದ್ದರೆ ಉಳಿದ ದಾರಿ ಒಂದೇ, ಅದೇ ಮಾದರಿಯ ಇನ್ನೊಂದು ಕೆಟ್ಟ ಮೆಷಿನ್ ಹುಡುಕುವುದು. ಬಿಡಿ ಭಾಗಗಳನ್ನು ಒಂದೊಂದಾಗಿ ಕೊಳ್ಳುವುದಕ್ಕಿಂತ ಇಡೀ ಮೆಷಿನ್ ಕೊಳ್ಳುವುದು ಲಾಭ. ನಿಮ್ಮದು ಸೀಜ್ ಆಗಿದ್ದರೆ ಕೇಸ್ ಒಡೆದ ಮೆಷಿನ್ ಹುಡುಕಿ. ನಿಮ್ಮದರ ಕೇಸ್ ಒಡೆದಿದ್ದರೆ ಸೀಜ್ ಆದದ್ದನ್ನು ಹುಡುಕಿ. ಮಾರುವವರಿಗೆ ಎರಡೂ ಕೆಲಸಕ್ಕೆ ಬಾರದ ವಸ್ತು, ಹಾಗಾಗಿ ಬೆಲೆ ಕಡಿಮೆ ಇರುತ್ತದೆ. ಎಕ್ಸಾಸ್ಟ್ ಕಡೆಯಿಂದ ಪಿಸ್ಟನ್ ಫೋಟೋ, ಬುಡದ ಫೋಟೋ, ನಂಬರ್ ಪಟ್ಟಿಯ ಫೋಟೋ ಕೇಳಿ. 'ನಿಲ್ಲಿಸುವಾಗ ಓಡುತ್ತಿತ್ತು' ಅನ್ನುವ ಮಾತಿಗಿಂತ ಆ ಮೂರು ಫೋಟೋಗಳಿಗೆ ಬೆಲೆ ಜಾಸ್ತಿ.

ಹಳೇ ಡೀಲರ್‌ಗಳ ಗೋದಾಮು ಇನ್ನೊಂದು ಗಣಿ. ಪೆಟ್ಟಿಗೆ ಒಡೆಯದ ಭಾಗಗಳು ಅಲ್ಲಿ ಧೂಳು ತಿನ್ನುತ್ತಿರುತ್ತವೆ. ಅವರನ್ನು ಮಾದರಿ ಹೆಸರು ಹೇಳಿ ಕೇಳಿದರೆ ಇಲ್ಲ ಅನ್ನುತ್ತಾರೆ. ಪಾರ್ಟ್ ನಂಬರ್ ಹೇಳಿದರೆ ಕಪಾಟು ತೆರೆಯುತ್ತಾರೆ. ಇನ್ನೊಂದು ಮಾತು: ಪೆಟ್ಟಿಗೆಯಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹಳೇ ಸ್ಟಾಕಿನ ಸಿಲಿಂಡರ್ ಚಿನ್ನ, ಹಳೇ ಸ್ಟಾಕಿನ ಡಯಾಫ್ರಮ್ ಕಸ.

ಬಾರ್, ಚೈನ್

ಚೈನ್ ಕೊಳ್ಳಲು ಮೂರು ಸಂಗತಿ ಬೇಕು. ಪಿಚ್, ಅಂದರೆ ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ. ಗೇಜ್, ಅಂದರೆ ಬಾರಿನ ಜಾಡಿನಲ್ಲಿ ಓಡುವ ಹಲ್ಲಿನ ದಪ್ಪ. ಮತ್ತು ಆ ಹಲ್ಲುಗಳ ಸಂಖ್ಯೆ. ಹಳೇ ಮೆಷಿನ್‌ಗಳಲ್ಲಿ 7/16 ಅಥವಾ 1/2 ಇಂಚಿನ ಪಿಚ್ ಇದ್ದರೆ ಚೈನ್ ಸಿಗುವುದು ಕಷ್ಟ. ಸ್ಪ್ರಾಕೆಟ್ ಬದಲಾಯಿಸಿ 0.404 ಅಥವಾ 3/8 ಇಂಚಿಗೆ ತಂದರೆ ಸಮಸ್ಯೆ ಮುಗಿಯಿತು. ಬಾರ್ ಬೇರೆಯದು ಹಾಕುವಾಗ ಬೋಲ್ಟ್ ಸಂದು ಹೊಂದಿದರೆ ಸಾಲದು, ಆಯಿಲ್ ಬರುವ ತೂತೂ ಮೆಷಿನ್‌ನ ತೂತಿಗೆ ನೇರವಾಗಿರಬೇಕು.

ಓಡಿಸುವಾಗ

ಹಳೇ ಮೆಷಿನ್ ಮೇಲೆ 16:1 ಎಂದು ಬರೆದಿದ್ದರೆ ಅದು ಆ ಕಾಲದ ಆಯಿಲ್‌ಗೆ ಹೇಳಿದ್ದು. ಇವತ್ತಿನ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್‌ನಲ್ಲಿ 32:1 ಅಥವಾ 40:1 ಸಾಕು. ಲೀಟರಿಗೆ ಕ್ರಮವಾಗಿ 31 ಅಥವಾ 25 ಮಿಲಿ. ಕಾರ್ಬ್ಯುರೇಟರಿನ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ತಿರುಪುಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ತೆರೆದು ಶುರು ಮಾಡಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಸ್ವಲ್ಪ ಗೊರಗೊರ ಅನ್ನಬೇಕು, ಮರಕ್ಕೆ ಒತ್ತಿದಾಗ ಆ ಸದ್ದು ಹೋಗಿ ಸ್ಪಷ್ಟವಾಗಬೇಕು. ಹೊಸ ಮೆಷಿನ್‌ನ ಕೀರಲು ಸದ್ದು ಬರುವ ತನಕ ಎಚ್ ತಿರುಪನ್ನು ಮುಚ್ಚಿದರೆ ಪಿಸ್ಟನ್ ಹೋಗುತ್ತದೆ. ದೊಡ್ಡ ಹಳೇ ಎಂಜಿನ್‌ಗಳನ್ನು ಅಷ್ಟು ವೇಗಕ್ಕೆ ಮಾಡಿಲ್ಲ.

ಕೊನೆಯದಾಗಿ ಸುರಕ್ಷತೆ. ಚೈನ್ ಬ್ರೇಕ್ ಬಂದದ್ದೇ 1970ರ ದಶಕದ ಶುರುವಿನಲ್ಲಿ. ಸ್ಟಿಲ್ 1972ರಲ್ಲಿ ತಂದಿತು, ಹಸ್ಕ್‌ವರ್ನಾದ ತಾನಾಗಿ ಬೀಳುವ ಬ್ರೇಕ್ 1973ರಲ್ಲಿ ಬಂತು. ಅದಕ್ಕಿಂತ ಹಿಂದಿನ ಮೆಷಿನ್ ಬಾರಿನ ತುದಿ ಮರಕ್ಕೆ ತಾಗಿ ಹಿಮ್ಮುಖವಾಗಿ ಎಗರಿದರೆ ನಿಲ್ಲಿಸುವುದಕ್ಕೆ ಏನೂ ಇಲ್ಲ. ತುಂಡಾದ ಚೈನ್ ಹಿಡಿಯುವ ಕೊಕ್ಕೆಯೂ ಬಹಳ ಸಲ ಇರುವುದಿಲ್ಲ. ಅಲುಗಾಟ ತಡೆಯುವ ರಬ್ಬರ್ ಕೂಡ ಎಷ್ಟೋ ಮೆಷಿನ್‌ಗಳಲ್ಲಿ ಇರುವುದಿಲ್ಲ, ಅಂಥದ್ದನ್ನು ಗಂಟೆಗಟ್ಟಲೆ ಹಿಡಿದರೆ ಬೆರಳುಗಳ ನರ ಮತ್ತು ರಕ್ತನಾಳಕ್ಕೆ ಪೆಟ್ಟು. ಅಂಥ ಮೆಷಿನ್ನನ್ನು ದಿನದ ದುಡಿಮೆಗೆ ಬಳಸಬೇಡಿ. ಮರ ಹತ್ತಿ, ಏಣಿ ಹತ್ತಿ ಬಳಸಲೇಬೇಡಿ. ನೆಲದಲ್ಲಿ ಭದ್ರವಾಗಿ ಇಟ್ಟ ದಿಮ್ಮಿ ಕೊಯ್ಯಿರಿ. ಬಾರಿನ ತುದಿ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ. ಹೆಲ್ಮೆಟ್, ಕಿವಿ ಮುಚ್ಚಿಗೆ, ಚೈನ್ ತಡೆಯುವ ಪ್ಯಾಂಟು, ಗಟ್ಟಿ ಬೂಟು ಹಾಕಿಯೇ ಹಗ್ಗ ಎಳೆಯಿರಿ. ಮೊದಲ ಟ್ಯಾಂಕ್ ಮುಗಿದು ಎಂಜಿನ್ ತಣ್ಣಗಾದ ಮೇಲೆ ಸಿಲಿಂಡರ್ ಮತ್ತು ಮಫ್ಲರ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವ ತನಕ ಓಡಿಸಿ ನಿಲ್ಲಿಸಿ.